ಕೂಸಿಗೆ ಮೊದಲೇ ಕುಲಾವಿ: ಕ್ರಾಪ್ ಸೆನ್ಸರ್‌ನಿಂದ ಫುಲ್ ಫ್ರೇಮ್‌ಗೆ ನಾನು ದಾಟಿದ ಬಗೆ

ಫುಲ್ ಫ್ರೇಮ್ ಕ್ಯಾಮೆರಾ (35 ಎಂಎಂ ಫಿಲ್ಮಿನಷ್ಟು ದೊಡ್ಡ ಸೆನ್ಸರ್ ಇರುವಂಥದ್ದು) ನಿಕಾನ್ ಡಿ750 ನನ್ನ ಕೈಗೆ ಬಂದು ಒಂದೂವರೆ ವರ್ಷವಾಯಿತು. ಅದರಲ್ಲಿ ತೆಗೆದ ಮೊದಲ ನಾಟಕದ ಫೋಟೋಗಳನ್ನು ನೋಡಿ ಮೆಚ್ಚಿದ ಗೆಳೆಯರೇ ಅದಕ್ಕೂ ಎರಡು ವರ್ಷ ಮೊದಲು ನನ್ನ ಲೆಕ್ಕದ ಪುಸ್ತಕ ನೋಡಿ ನಕ್ಕಿದ್ದರು. "ಅಲ್ಲಯ್ಯಾ, ಫುಲ್ ಫ್ರೇಮ್ ಬೇಕು ಅಂದ್ರೆ ತಗೋ, ಬೇಡ ಅಂದ್ರೆ ಬಿಡು. ಇದೇನು ಜಾತಕ ಬರೆಯೋದು?" ಎಂದಿದ್ದ ಒಬ್ಬ. ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ, ಇನ್ನೂ ಇಲ್ಲದಿರುವಾಗಲೇ ಲೆನ್ಸ್ ಕೊಳ್ಳತೊಡಗಿದಾಗ ಇನ್ನೊಬ್ಬ, "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ತಿದೀಯಾ" ಎಂದ. ಆ ಕುಲಾವಿ ಈಗ ಕೂಸಿಗೆ ಸರಿಯಾಗಿ ಕೂತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇದಕ್ಕೂ ಮೊದಲು ಒಮ್ಮೆ ಕೈ ಸುಟ್ಟುಕೊಂಡಿದ್ದೆ. ಅದನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ನನ್ನ ಹತ್ತಿರ ಇದ್ದದ್ದು ಡಿ7200, ಕ್ರಾಪ್ ಸೆನ್ಸರ್‌ನದು, ಅಂದರೆ ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್. ಅದರ ಮೇಲೆ 17-50 ಎಂಎಂ ಎಫ್ 2.8 ಜೂಮ್ (ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಒಳಬಿಡುವ ಬೆಳಕು ಹೆಚ್ಚು). ನಾಟಕ, ನೃತ್ಯ, ಆಗೀಗ ಮದುವೆ, ರಜೆ ಸಿಕ್ಕರೆ ಹಕ್ಕಿ. ವೇದಿಕೆಯ ಬೆಳಕಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬ ಅಂಕಿ) 6400 ದಾಟಿದರೆ ಮುಖದ ನೆರಳಿನ ಭಾಗವೆಲ್ಲ ಕಾಳುಕಾಳು, ಅದೇ ನಾಯ್ಸ್. ಒಂದು ಕಾರ್ಯಕ್ರಮದ ದುಡ್ಡು ಒಟ್ಟಿಗೆ ಬಂದದ್ದೇ ತಡ, ಒಂದು 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಬಾಡಿಯನ್ನು ಹೊಸದಾಗಿಯೇ ಕೊಂಡೆ. ಕೈಯಲ್ಲಿದ್ದುದೆಲ್ಲ ಅದಕ್ಕೇ ಹೋಯಿತು. ಲೆನ್ಸ್‌ಗೆ ಉಳಿದದ್ದು ಅಲ್ಪ. ಸೆಕೆಂಡ್ ಹ್ಯಾಂಡ್ 24-120 ಎಫ್ 4 ಒಂದನ್ನು ತಂದು ಹಾಕಿದೆ.

ಮೊದಲ ಮೂರು ಕಾರ್ಯಕ್ರಮಗಳ ಫೋಟೋಗಳನ್ನು ಹಳೆಯವುಗಳ ಪಕ್ಕ ಇಟ್ಟು ನೋಡಿದಾಗ ಎದೆ ಧಸಕ್ ಎಂದಿತು. ಎರಡಕ್ಕೂ ವ್ಯತ್ಯಾಸವೇ ಇಲ್ಲ. ಒಂದು ಸ್ಟಾಪ್ ಎಂದರೆ ಬೆಳಕು ದುಪ್ಪಟ್ಟಾಗುವುದು ಅಥವಾ ಅರ್ಧವಾಗುವುದು. ಸೆನ್ಸರ್ ಕೊಟ್ಟದ್ದು ಒಂದೂಕಾಲು ಸ್ಟಾಪ್, ಎಫ್ 2.8ರಿಂದ ಎಫ್ 4ಕ್ಕೆ ಹೋಗಿ ಲೆನ್ಸ್ ಕಿತ್ತುಕೊಂಡದ್ದು ಒಂದು ಸ್ಟಾಪ್. ಅಷ್ಟು ದುಡ್ಡು ಸುರಿದು ಗಳಿಸಿದ್ದು ಕಾಲು ಸ್ಟಾಪ್. ಬ್ಯಾಕ್‌ಗ್ರೌಂಡ್ ಬ್ಲರ್ ಕೂಡ ಅಷ್ಟಕ್ಕಷ್ಟೇ, ಯಾಕೆಂದರೆ ಕ್ರಾಪ್‌ನ ಅಂಕಿಗಳನ್ನು ಒಂದೂವರೆಯಿಂದ ಗುಣಿಸಬೇಕು: ಕ್ರಾಪ್‌ನಲ್ಲಿ 50 ಎಂಎಂ ಎಫ್ 2.8 ಕೊಡುವುದೂ ಫುಲ್ ಫ್ರೇಮ್‌ನಲ್ಲಿ 75 ಎಂಎಂ ಎಫ್ 4.2 ಕೊಡುವುದೂ ಒಂದೇ. ಈ ಗಣಿತ ನನಗೆ ಗೊತ್ತಿರಲಿಲ್ಲ ಎಂದಲ್ಲ, ಕೊಳ್ಳುವ ಹುಮ್ಮಸ್ಸಿನಲ್ಲಿ ಮಾಡಿ ನೋಡಿರಲಿಲ್ಲ. ಎಂಟು ತಿಂಗಳಿಗೆ ಮಾರಿದೆ. ಕೊಟ್ಟದ್ದರಲ್ಲಿ ಸುಮಾರು ಮೂರನೇ ಒಂದು ಪಾಲು ಹೋಯಿತು. ಆ ದುಡ್ಡಿಗೆ ಒಂದು ಒಳ್ಳೆಯ 85 ಎಂಎಂ ಬರುತ್ತಿತ್ತು ಎಂಬ ಸಂಕಟ ಬಹಳ ದಿನ ಕಾಡಿತು.

ಎರಡನೇ ಸಲ ಕ್ಯಾಮೆರಾಗಳ ವಿಮರ್ಶೆ ಓದುವುದನ್ನೇ ಬಿಟ್ಟು ನನ್ನ ಹಾಳಾದ ಫೋಟೋಗಳನ್ನು ಓದತೊಡಗಿದೆ. ಗ್ರಾಹಕರಿಗೆ ಕೊಟ್ಟವನ್ನಲ್ಲ, ಕೊಡಲಾಗದೆ ಉಳಿದವನ್ನು. ಎರಡು ವರ್ಷದ ರಾಶಿಯಲ್ಲಿ "ಛೆ, ಇದೊಂದು ಸರಿಯಾಗಿದ್ದರೆ" ಅನ್ನಿಸುವಂಥವು ಆರುನೂರು ಚಿಲ್ಲರೆ ಸಿಕ್ಕವು. ಒಂದೊಂದಕ್ಕೂ ಒಂದೇ ಕಾರಣ ಬರೆಯಬೇಕೆಂದು ಕಟ್ಟುನಿಟ್ಟು ಮಾಡಿಕೊಂಡೆ. ನಾಯ್ಸ್‌ನಿಂದ ಕೆಟ್ಟದ್ದು ತೊಂಬತ್ತರ ಆಸುಪಾಸು ಮಾತ್ರ! ನಟ ಕೈ ಬೀಸಿ, ತಲೆ ತಿರುಗಿಸಿ ಅಲುಗಾಡಿದ್ದು ಇನ್ನೂರೈವತ್ತು. ಫೋಕಸ್ ತಪ್ಪಿದ್ದು ನೂರನಲವತ್ತು. ಉಳಿದದ್ದು ನಾನು ಕ್ಷಣ ತಪ್ಪಿಸಿಕೊಂಡದ್ದು, ಅದಕ್ಕೆ ಯಾವ ಸೆನ್ಸರೂ ಮದ್ದಲ್ಲ. ಮೂರು ವರ್ಷದಿಂದ ನಾಯ್ಸ್ ನಾಯ್ಸ್ ಎಂದು ಜಪಿಸುತ್ತಿದ್ದವನಿಗೆ ನಿಜವಾದ ಶತ್ರು ಶಟರ್ ಸ್ಪೀಡ್ ಎಂದು ಆಗ ಗೊತ್ತಾಯಿತು. ನಾಯ್ಸ್‌ಗೆ ಹೆದರಿ ಶಟರನ್ನು 1/100 ಸೆಕೆಂಡಿಗೆ ಇಳಿಸಿಕೊಂಡು ಫೋಟೋ ಅಲುಗಾಡಿಸುತ್ತಿದ್ದೆ.

ಫೋಟೋ ತಿದ್ದುವ ತಂತ್ರಾಂಶ ಲೈಟ್‌ರೂಮ್‌ನ ಮೆಟಾಡೇಟಾ ಫಿಲ್ಟರ್‌ನಲ್ಲಿ ಫೋಕಲ್ ಲೆಂತ್ (ಲೆನ್ಸಿನ ಎಂಎಂ ಅಂಕಿ) ಕೂಡ ಎಣಿಸಿದೆ. ವೇದಿಕೆಯ ಫೋಟೋಗಳಲ್ಲಿ ಮುಕ್ಕಾಲು ಪಾಲು 50 ಎಂಎಂ ತುದಿಯಲ್ಲಿ. ಫ್ರೇಮಿನಲ್ಲಿ ಒಬ್ಬರೇ ಇರುವ ಫೋಟೋ ಎಷ್ಟು ಎಂಬುದನ್ನೂ ಬರೆದುಕೊಂಡೆ. ಇದನ್ನು ಯಾರೂ ಎಣಿಸುವುದಿಲ್ಲ, ಆದರೆ ಇದೇ ಮುಖ್ಯ. ಹಿಂದೆಮುಂದೆ ನಿಂತ ನಾಲ್ವರೂ ಫೋಕಸ್‌ನಲ್ಲಿ ಬೇಕೆಂದರೆ ಫುಲ್ ಫ್ರೇಮ್‌ನಲ್ಲಿ ಅಪರ್ಚರ್ (ಲೆನ್ಸಿನೊಳಗಿನ ಬೆಳಕಿನ ಕಿಂಡಿ) ಇನ್ನಷ್ಟು ಮುಚ್ಚಬೇಕು. ಮುಚ್ಚಿದರೆ ಐಎಸ್‌ಒ ಏರಬೇಕು. ಸೆನ್ಸರ್ ಕೊಟ್ಟ ಲಾಭ ಅಲ್ಲಿಗೆ ಮುಗಿಯಿತು. ಗುಂಪು ಫೋಟೋಗಳನ್ನೇ ತೆಗೆಯುವವರು ಇಲ್ಲೇ ನಿಲ್ಲಬಹುದು. ನನ್ನವು ನಾಲ್ಕರಲ್ಲಿ ಮೂರು ಒಬ್ಬರದೇ ಆಗಿದ್ದವು.

ಆಮೇಲೆ ಮಾಡಿದ ಪ್ರಯೋಗಕ್ಕೆ ಎಲ್ಲರೂ ನಕ್ಕದ್ದು. ಕ್ರಾಪ್ ಕ್ಯಾಮೆರಾದಲ್ಲೇ ಫುಲ್ ಫ್ರೇಮ್ ಪರೀಕ್ಷೆ. ಸೆನ್ಸರ್ ವಿಸ್ತೀರ್ಣ 36×24 ಎಂಎಂ ಎದುರು 23.5×15.6 ಎಂಎಂ, ಅಂದರೆ 2.3 ಪಟ್ಟಿಗಿಂತ ಸ್ವಲ್ಪ ಹೆಚ್ಚು. ಹಾಗಾದರೆ ನಾಯ್ಸ್ ಮಟ್ಟಿಗೆ ಫುಲ್ ಫ್ರೇಮ್‌ನ ಐಎಸ್‌ಒ 6400 ನನ್ನ ಕ್ಯಾಮೆರಾದ 2500ಕ್ಕೂ 3200ಕ್ಕೂ ನಡುವೆ ಎಲ್ಲೋ ಇರಬೇಕು. ಜಿಪುಣತನದಿಂದ 3200 ಎಂದೇ ಹಿಡಿದೆ. ಮನೆಯಲ್ಲಿ ಮಂದ ಬೆಳಕು ಮಾಡಿ, ಟ್ರೈಪಾಡ್ ಹಾಕಿ, ಅಲುಗದ ವಸ್ತುಗಳನ್ನು ಜೋಡಿಸಿ, ಒಂದೇ ಅಪರ್ಚರ್‌ನಲ್ಲಿ ಒಂದು 6400, ಇನ್ನೊಂದು ಶಟರ್ ದುಪ್ಪಟ್ಟು ಹೊತ್ತು ತೆರೆದು 3200. ಮೊದಲನೆಯದು ನನ್ನಲ್ಲಿರುವ ಕ್ಯಾಮೆರಾ, ಎರಡನೆಯದು ನಾನು ಕೊಳ್ಳಬೇಕೆಂದಿರುವ ಕ್ಯಾಮೆರಾ. ಬೆಳಕು ಯಾವುದು, ಅದನ್ನು ಎಲ್ಲಿ ಇಟ್ಟೆ ಎಂಬುದು ನನ್ನಲ್ಲೇ ಇರಲಿ. ಎಷ್ಟೋ ರಾತ್ರಿ ಕೂತು ಕಂಡುಕೊಂಡದ್ದು. ನೆರಳಿನ ಭಾಗ ಧಾರಾಳವಾಗಿರಲಿ ಎಂದಷ್ಟೇ ಹೇಳುತ್ತೇನೆ.

ಎರಡನ್ನೂ ಮೊಬೈಲ್‌ಗೆ ಹಾಕಿ ಹತ್ತು ಹನ್ನೆರಡು ಜನಕ್ಕೆ ತೋರಿಸಿದೆ. ಯಾರಿಗೂ ತಿಳಿಯಲಿಲ್ಲ. 12×18 ಇಂಚಿನ ಪ್ರಿಂಟ್ ಹಾಕಿಸಿ ಮತ್ತೆ ತೋರಿಸಿದಾಗ ಏಳೋ ಎಂಟೋ ಜನ ಸರಿಯಾಗಿ ಬೆರಳು ಇಟ್ಟರು. ನಾನು ನೃತ್ಯಗಾರರಿಗೆ ದೊಡ್ಡ ಪ್ರಿಂಟ್ ಕೊಡುವವನು. ಹಾಗಾಗಿ ಆ ಒಂದು ಸ್ಟಾಪ್‌ಗೆ ನನ್ನ ಮಟ್ಟಿಗೆ ಬೆಲೆ ಇದೆ ಎಂದು ಖಾತ್ರಿಯಾಯಿತು. ಮುಂದೆ ಎರಡು ದಿನ ಬಾಡಿಗೆಗೆ ಫುಲ್ ಫ್ರೇಮ್ ತಂದು ಅದೇ ವಸ್ತುಗಳನ್ನು ಅದೇ ಬೆಳಕಿನಲ್ಲಿ 6400ರಲ್ಲಿ ತೆಗೆದೆ. ನನ್ನ ನಕಲಿ ಫುಲ್ ಫ್ರೇಮ್ ಫೋಟೋಗೂ ಅದಕ್ಕೂ ಕೂದಲೆಳೆಯ ವ್ಯತ್ಯಾಸ. ನಕ್ಕವರನ್ನು ಕರೆದು ಎರಡೂ ಪ್ರಿಂಟ್ ಮೇಜಿನ ಮೇಲೆ ಇಟ್ಟೆ. ಆ ಸಂಜೆಯ ಖುಷಿ ಇನ್ನೂ ನೆನಪಿದೆ.

ಆದರೂ ಬಾಡಿ ಕೊಳ್ಳಲಿಲ್ಲ. ಮೊದಲು ತಂದದ್ದು ಸೆಕೆಂಡ್ ಹ್ಯಾಂಡ್ 50 ಎಂಎಂ ಎಫ್ 1.8, ಇಡೀ ಯೋಜನೆಯಲ್ಲಿ ಅತ್ಯಂತ ಅಗ್ಗದ ಸಾಮಾನು. ಹೇಗೂ ನನ್ನ ಫೋಟೋಗಳೆಲ್ಲ 50ರಲ್ಲೇ ಇದ್ದವಲ್ಲ. ಎಫ್ 2.8ರಿಂದ 1.8ಕ್ಕೆ ಇಳಿದರೆ ಒಂದು ಸ್ಟಾಪ್‌ಗೂ ಮಿಗಿಲು, ಸುಮಾರು ಒಂದು ಫುಲ್ ಫ್ರೇಮ್‌ನಷ್ಟೇ! ಆರು ತಿಂಗಳು ಹಾಗೇ ನಡೆಸಿದೆ. ಅಲುಗಾಡಿದವು ಅರ್ಧಕ್ಕೆ ಇಳಿದವು. ಮೊದಲೇ ಒಂದು ಗೆರೆ ಎಳೆದುಕೊಂಡಿದ್ದೆ: ಇಷ್ಟಾದ ಮೇಲೂ ನಾಯ್ಸ್ ಮತ್ತು ಅಲುಗಾಟ ಸೇರಿ ಹಾಳಾದದ್ದು ಐದರಲ್ಲಿ ಒಂದಕ್ಕಿಂತ ಹೆಚ್ಚಿದ್ದರೆ ಮಾತ್ರ ಬಾಡಿ ಬದಲಿಸುವುದು. ಎಣಿಸಿದಾಗ ನಾಲ್ಕರಲ್ಲಿ ಒಂದು ಇತ್ತು. ಗೆರೆ ದಾಟಿತ್ತು. ಗೆರೆಯ ಈಚೆಯೇ ನಿಂತಿದ್ದರೆ ಇವತ್ತಿಗೂ ಆ 50 ಎಂಎಂ ಮತ್ತು ಡಿ7200ರಲ್ಲೇ ಇರುತ್ತಿದ್ದೆ, ಅದರಲ್ಲಿ ಸಂದೇಹವಿಲ್ಲ.

ಆಮೇಲೆ ಒಂದೊಂದಾಗಿ 85 ಎಂಎಂ ಎಫ್ 1.8, ನಂತರ 24-70 ಎಫ್ 2.8. ಎಲ್ಲ ಫುಲ್ ಫ್ರೇಮ್ ಲೆನ್ಸ್‌ಗಳು, ಎಲ್ಲ ಸೆಕೆಂಡ್ ಹ್ಯಾಂಡ್, ಎಲ್ಲವನ್ನೂ ಕ್ರಾಪ್ ಬಾಡಿಯಲ್ಲೇ ಬಳಸಿದೆ. ಚಿಕ್ಕ ಸೆನ್ಸರ್‌ಗೆಂದೇ ಮಾಡಿದ ಕ್ರಾಪ್ ಲೆನ್ಸ್‌ಗಳನ್ನು ಒಂದೊಂದಾಗಿ ಮಾರಿದೆ. ಆ ವರ್ಷ ಕಷ್ಟ ಪಟ್ಟಿದ್ದೇನೆ. 24-70 ಕ್ರಾಪ್‌ನಲ್ಲಿ 36-105 ಆಗಿಬಿಡುತ್ತದೆ. ಮದುವೆಯ ಗುಂಪು ಫೋಟೋಗೆ ಹಿಂದೆ ಸರಿಯುತ್ತ ಸರಿಯುತ್ತ ಬೆನ್ನು ಗೋಡೆಗೆ ತಾಗುತ್ತಿತ್ತು. ಒಂದು ಮದುವೆಯಲ್ಲಿ ಎರಡು ತುದಿಯ ನೆಂಟರು ಅರ್ಧರ್ಧ ಕತ್ತರಿಸಿ ಹೋದರು. ಆ ಕುಟುಂಬಕ್ಕೆ ಒಂದು ಪ್ರಿಂಟ್ ಉಚಿತವಾಗಿ ಕೊಟ್ಟು ಸಮಾಧಾನ ಮಾಡಬೇಕಾಯಿತು. ಅಗಲದ ಕ್ರಾಪ್ ಲೆನ್ಸ್ ಒಂದನ್ನು ಕೊನೆಯವರೆಗೂ ಮಾರಬಾರದಿತ್ತು.

ಈ ಕ್ರಮದಲ್ಲಿ ದುಡ್ಡು ಉಳಿಯುವುದು ಹೀಗೆ: ನಾವು ಕಾಯುತ್ತಿರುವಾಗ ಬಾಡಿಯ ಬೆಲೆ ಇಳಿಯುತ್ತ ಹೋಗುತ್ತದೆ, ಲೆನ್ಸ್‌ನ ಬೆಲೆ ಅಷ್ಟಾಗಿ ಇಳಿಯುವುದಿಲ್ಲ. ಹಾಗಾಗಿ ಬೇಗ ಇಳಿಯುವುದನ್ನು ಕೊನೆಗೆ ಕೊಳ್ಳಬೇಕು. ನನ್ನ ಒಟ್ಟು ಖರ್ಚು ನೂರು ಎಂದಿಟ್ಟುಕೊಂಡರೆ ಲೆನ್ಸ್‌ಗಳ ಪಾಲು ಅರವತ್ತು, ಡಿ750 ಬಾಡಿಯ ಪಾಲು ಮೂವತ್ತೈದು, ಬ್ಯಾಟರಿ, ಕಾರ್ಡ್, ಎರಡು ದಿನ ತಂದ ಕ್ಯಾಮೆರಾದ ಬಾಡಿಗೆ ಎಲ್ಲ ಸೇರಿ ಐದು. ಕ್ರಾಪ್ ಲೆನ್ಸ್ ಮಾರಿ ಬಂದದ್ದು ಇಪ್ಪತ್ತರಷ್ಟು. ಡಿ750 ಸಿಕ್ಕಾಗ ಶಟರ್ ಕೌಂಟ್ (ಅದುವರೆಗೆ ಅದರಲ್ಲಿ ತೆಗೆದ ಫೋಟೋಗಳ ಎಣಿಕೆ) ನಲವತ್ತು ಸಾವಿರದ ಹತ್ತಿರ ಇತ್ತು. ತಯಾರಕರು ಒಂದೂವರೆ ಲಕ್ಷಕ್ಕೆ ಪರೀಕ್ಷಿಸಿದ ಶಟರ್, ಚಿಂತೆಯಿಲ್ಲ. ಹಳೆಯ ಬಾಡಿ ಕೊಳ್ಳುವಾಗ ಕೌಂಟ್‌ಗಿಂತ ಮೊದಲು ನಾನು ನೋಡುವ ಜಾಗ ಬೇರೊಂದಿದೆ. ಮುಂದಿನ ಚೌಕಾಸಿಗೆ ಬೇಕು, ಅದನ್ನು ಇಲ್ಲಿ ಬರೆಯುವುದಿಲ್ಲ. 45 ಮೆಗಾಪಿಕ್ಸೆಲ್‌ಗೆ ಹೋಗದೆ 24ರಲ್ಲೇ ಉಳಿದದ್ದರಿಂದ ಹಾರ್ಡ್ ಡಿಸ್ಕ್ ಖರ್ಚು ಏರಲಿಲ್ಲ, ಇದೂ ಲೆಕ್ಕದಲ್ಲಿತ್ತು.

ಕಳೆದುಕೊಂಡದ್ದೂ ಇದೆ. ಡಿ7200ರಲ್ಲಿ ಶಟರ್ 1/8000ರವರೆಗೆ ಹೋಗುತ್ತಿತ್ತು, ಇಲ್ಲಿ 1/4000ಕ್ಕೆ ನಿಲ್ಲುತ್ತದೆ. ನಡುಹಗಲಲ್ಲಿ ಎಫ್ 1.8 ತೆರೆಯಬೇಕೆಂದರೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹುಡುಕಬೇಕು. ಫ್ಲ್ಯಾಶ್ ಸಿಂಕ್ (ಫ್ಲ್ಯಾಶ್ ಜೊತೆ ಹೊಂದುವ ಅತಿ ವೇಗದ ಶಟರ್) 1/250 ಇದ್ದದ್ದು 1/200. ಎಲ್ಲಕ್ಕಿಂತ ತೊಡಕಾದದ್ದು ಫೋಕಸ್ ಪಾಯಿಂಟ್‌ಗಳು. ಫುಲ್ ಫ್ರೇಮ್ ಡಿಎಸ್‌ಎಲ್‌ಆರ್‌ಗಳಲ್ಲಿ (ಡಿ750ರ ಹಾಗೆ ಒಳಗೆ ಕನ್ನಡಿ ಇರುವ ಕ್ಯಾಮೆರಾಗಳಲ್ಲಿ) ಸಾಮಾನ್ಯವಾಗಿ ಅವು ಫ್ರೇಮಿನ ನಡುವೆ ಗುಂಪುಗೂಡಿರುತ್ತವೆ, ಕ್ರಾಪ್‌ನಲ್ಲಿ ಅಂಚಿನವರೆಗೂ ಹರಡಿಕೊಂಡಿದ್ದವು. ಮೊದಲ ತಿಂಗಳು ನನ್ನ ಹೆಬ್ಬೆರಳು ಪಾಯಿಂಟ್ ಒಯ್ಯಲು ಹೋಗಿ ಅಲ್ಲೇ ನಿಂತುಬಿಡುತ್ತಿತ್ತು.

ಇನ್ನೊಂದು ಕಂಟಕ ಹೊಳೆದದ್ದು ತಡವಾಗಿ. ಕ್ರಾಪ್‌ನಲ್ಲಿ 85 ಎಂಎಂ ಎಫ್ 1.8 ಹಾಕಿ ತೆಗೆಯುತ್ತಿದ್ದ ಬಿಗಿ ಫ್ರೇಮ್ ಫುಲ್ ಫ್ರೇಮ್‌ನಲ್ಲಿ ಬೇಕೆಂದರೆ 127 ಎಂಎಂ ಬೇಕು, ಅಂದರೆ 70-200 ಎಫ್ 2.8. ಲೆಕ್ಕ ಹಾಕಿದರೆ ಎರಡೂ ಒಂದೇ! ಮತ್ತದೇ ಹಳೆಯ ಗುಂಡಿ. ಅದನ್ನು ಕೊಳ್ಳದೆ 85 ಹಿಡಿದು ವೇದಿಕೆಗೆ ನಾಲ್ಕು ಹೆಜ್ಜೆ ಹತ್ತಿರ ಹೋಗುವುದನ್ನು ಕಲಿತೆ. ಈಗ 17-50ರ ಕಾಲಕ್ಕೆ ಹೋಲಿಸಿದರೆ ಎರಡೂವರೆ ಸ್ಟಾಪ್ ಮುಂದಿದ್ದೇನೆ.

ಹಕ್ಕಿಗಳ ವಿಷಯ ಬೇರೆಯೇ. ಒಂದೇ 200-500 ಎಫ್ 5.6 ಲೆನ್ಸನ್ನು ಎರಡೂ ಬಾಡಿಗಳಿಗೆ ಹಾಕಿ, ಒಂದೇ ಕೊಂಬೆಗೆ ಬರುವ ಮಿಂಚುಳ್ಳಿಯನ್ನು ನಾಲ್ಕು ಬೆಳಗ್ಗೆ ತೆಗೆದೆ. ಡಿ750 ಫೋಟೋವನ್ನು ಅದೇ ಅಳತೆಗೆ ಕತ್ತರಿಸಿದರೆ ಉಳಿಯುವುದು ಹತ್ತು ಮೆಗಾಪಿಕ್ಸೆಲ್ ಚಿಲ್ಲರೆ. ಕತ್ತರಿಸಿದ ಮೇಲೆ ನಾಯ್ಸ್‌ನ ಲಾಭವೂ ಉಳಿಯುವುದಿಲ್ಲ, ಯಾಕೆಂದರೆ ಬಳಸಿದ್ದು ಸೆನ್ಸರ್‌ನ ಅಷ್ಟೇ ಜಾಗ. ಗರಿಯ ಎಳೆಗಳು ಡಿ7200ರಲ್ಲೇ ಚೆನ್ನಾಗಿ ಬಿಡಿಸಿ ಬಂದಿವೆ. ಅದನ್ನು ಮಾರಲಿಲ್ಲ, ಮಾರುವುದೂ ಇಲ್ಲ.

ನಡುವೆ ಒಂದೆರಡು ಅಡ್ಡದಾರಿ. ಮಾರದೆ ಉಳಿದಿದ್ದ 35 ಎಂಎಂ ಎಫ್ 1.8 ಕ್ರಾಪ್ ಲೆನ್ಸನ್ನು ಡಿ750ಕ್ಕೆ ಹಾಕಿ, ಕ್ರಾಪ್ ಮೋಡ್ ಆಫ್ ಮಾಡಿ ತೆಗೆದೆ. ಮೂಲೆಗಳು ಕಪ್ಪಾದವು, ಆದರೆ ಚೌಕಕ್ಕೆ ಕತ್ತರಿಸಿದರೆ ಬಹಳ ಚಂದದ ಭಾವಚಿತ್ರ. ಈಗಲೂ ಒಮ್ಮೊಮ್ಮೆ ಬಳಸುತ್ತೇನೆ. ಅದಕ್ಕೂ ಮೊದಲು ಕ್ರಾಪ್‌ನಲ್ಲೇ 85 ಎಂಎಂ ಹಾಕಿ ಹನ್ನೆರಡು ಫೋಟೋ ತೆಗೆದು ಹೊಲಿದು ದೊಡ್ಡ ಸೆನ್ಸರ್‌ನ ಬ್ಲರ್ ತರಿಸಲು ನೋಡಿದ್ದೆ. ಬ್ಲರ್ ಬಂತು, ಆದರೆ ಮದುಮಗಳು ಹನ್ನೆರಡು ಫೋಟೋ ಮುಗಿಯುವವರೆಗೆ ಕಣ್ಣು ಮಿಟುಕಿಸದೆ ನಿಲ್ಲುವುದಿಲ್ಲ. 2023ರಲ್ಲಿ ಲೈಟ್‌ರೂಮ್‌ಗೆ ನಾಯ್ಸ್ ತೆಗೆಯುವ ಡಿನಾಯ್ಸ್ ಬಂದಮೇಲೆ ನಾಯ್ಸ್‌ನಿಂದ ಕೆಟ್ಟಿದ್ದ ಹಳೆಯ ತೊಂಬತ್ತನ್ನು ಅದಕ್ಕೆ ಕೊಟ್ಟೆ. ಅರ್ಧಕ್ಕಿಂತ ಹೆಚ್ಚು ಬದುಕಿದವು. ಅಲುಗಾಡಿದವು ಒಂದೂ ಬದುಕಲಿಲ್ಲ.

ಲೆಕ್ಕದ ಪುಸ್ತಕ ಇನ್ನೂ ನಡೆಯುತ್ತಿದೆ. ಈಗ ನಾಯ್ಸ್ ಮತ್ತು ಅಲುಗಾಟ ಸೇರಿ ಹನ್ನೆರಡರಲ್ಲಿ ಒಂದಕ್ಕೆ ಬಂದಿವೆ. ಮೇಲೆ ಬಂದು ಕೂತಿರುವುದು ಫೋಕಸ್ ತಪ್ಪಿದ್ದು, ಅದರಲ್ಲೂ ಅಂಚಿನಲ್ಲಿ ನಿಂತವರದ್ದು. ಮಿರರ್‌ಲೆಸ್‌ನಲ್ಲಿ ಪಾಯಿಂಟ್‌ಗಳು ಬಹುತೇಕ ಇಡೀ ಫ್ರೇಮ್ ತುಂಬುತ್ತವೆ ಎಂದು ಗೆಳೆಯರು ಆಗಲೇ ಶುರು ಮಾಡಿದ್ದಾರೆ. ಮುನ್ನೂರು ಹಾಳಾದ ಫೋಟೋ ಆಗಲಿ, ಎಣಿಸಿ ಹೇಳುತ್ತೇನೆ ಎಂದಿದ್ದೇನೆ. ನಿನ್ನೆಗೆ ನೂರಾ ಹತ್ತೊಂಬತ್ತಾಗಿದೆ.