ಗೇಜ್ ಸರಿ ಇತ್ತು, ಟರ್ಬೋ ಒಣಗಿತ್ತು

ಗಂಗಾವತಿ ಹತ್ತಿರ ನನ್ನದೊಂದು ಚಿಕ್ಕ ಗ್ಯಾರೇಜ್ ಇದೆ. ಟ್ರ್ಯಾಕ್ಟರ್, ಅಕ್ಕಿ ಮಿಲ್ಲಿನ ಲಾರಿ ಎಲ್ಲಾ ಬರುತ್ತವೆ. ಸುಗ್ಗಿ ಶುರುವಾದರೆ ಮಾತ್ರ ಭತ್ತ ಕೊಯ್ಯುವ ಮಷಿನ್‌ಗಳದ್ದೇ ಕೆಲಸ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಸರಿಯಾಗಿ ಬಿಟ್ಟ ವರ್ಷ ಎರಡು ಸುಗ್ಗಿ, ಎರಡು ಸಲ ನನಗೆ ನಿದ್ದೆ ಇಲ್ಲ.

ಅಂಥದ್ದೇ ಒಂದು ಏಪ್ರಿಲ್. ಕಾರಟಗಿ ಕಡೆಯಿಂದ ಡ್ರೈವರ್ ಫೋನ್ ಮಾಡಿದ. "ಮೇಸ್ತ್ರಿ, ಸೀಟಿ ಹೊಡಿಯಾಕತ್ತೈತಿ, ಕರಿ ಹೊಗಿ ಬರಾಕತ್ತೈತಿ, ಗದ್ದ್ಯಾಗ ಜಗ್ಗವಲ್ದು." ಟೈರ್ ಬದಲು ಚೈನ್ ಮೇಲೆ ಓಡುವ ಕೊಯ್ಲಿನ ಮಷಿನ್ ಅದು, ಚೈನ್ ಮಷಿನ್ ಅಂತೀವಿ. ಹೋಗಿ ಟರ್ಬೋದ, ಅಂದರೆ ಹೊಗೆಯ ರಭಸಕ್ಕೆ ತಿರುಗಿ ಇಂಜಿನ್‌ಗೆ ಗಾಳಿ ಒತ್ತುವ ಫ್ಯಾನಿನ, ಮುಂದಿನ ಹೋಸ್ ಬಿಚ್ಚಿ ಬೆರಳು ಹಾಕಿದೆ. ಶಾಫ್ಟ್ ಅಲ್ಲಾಡುತ್ತಿತ್ತು, ಫ್ಯಾನ್ ರೆಕ್ಕೆ ಟರ್ಬೋ ಬಾಡಿಯ ಒಳಗೋಡೆಗೆ ಉಜ್ಜಿದ ಗುರುತು ಎದ್ದು ಕಾಣುತ್ತಿತ್ತು. ಮಷಿನ್ ಮಾಲೀಕರಾದ ಸಾವ್ಕಾರರು ಅರ್ಧ ತಾಸಿಗೊಮ್ಮೆ ಫೋನ್. ಸಂಜೆಯೊಳಗೆ ಹೊಸ ಟರ್ಬೋ ಕೂಡಿಸಿದೆ. ಹಳೆಯದನ್ನು ಅಂಗಡಿಗೆ ಎಕ್ಸ್‌ಚೇಂಜ್ ಕೊಟ್ಟೆ. ಅದನ್ನು ಬಿಚ್ಚಿ ನೋಡಲೇ ಇಲ್ಲ.

ಮೂರನೇ ದಿನ ಅದೇ ಡ್ರೈವರ್, ಅದೇ ಸೀಟಿ.

ಈ ಸಲ ಸಾವ್ಕಾರರೇ ಬಂದು ಗದ್ದೆ ಬದುವಿನ ಮೇಲೆ ನಿಂತಿದ್ದರು. "ಡೂಪ್ಲಿಕೇಟ್ ಮಾಲ್ ಹಾಕೀರೇನ್ರಿ ಮೇಸ್ತ್ರಿ?" ಅಂದರು. ಸಿಟ್ಟು ಬಂತು. ಆದರೆ ಏನಂತ ಉತ್ತರ ಕೊಡಲಿ? ಟರ್ಬೋ ಇಳಿಸಿಕೊಂಡು ಬಂದು ಬೆಂಚಿನ ಮೇಲಿಟ್ಟು ಪೂರ್ತಿ ಬಿಚ್ಚಿದೆ.

ಟರ್ಬೋದ ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತಿನ ಮೇಲೂ ಹೋಗುತ್ತದೆ. ಅದು ಬುಷ್‌ಗೆ (ಶಾಫ್ಟ್ ಹಿಡಿದಿಡುವ ಲೋಹದ ಬಳೆ) ತಾಗಿ ತಿರುಗುವುದಲ್ಲ, ಬುಷ್ ಒಳಗೂ ಹೊರಗೂ ಇರುವ ತೆಳು ಆಯಿಲ್ ಪದರದ ಮೇಲೆ ತೇಲುತ್ತದೆ. ಅದಕ್ಕೇ ಹೊಸ ಟರ್ಬೋದಲ್ಲೂ ಶಾಫ್ಟ್ ಸ್ವಲ್ಪ ಪಕ್ಕಕ್ಕೆ ಆಡುತ್ತದೆ. ಅದನ್ನು ನೋಡಿ "ಪ್ಲೇ ಬಂದೈತಿ" ಅಂತ ಒಳ್ಳೆ ಟರ್ಬೋ ಬಿಸಾಡಿದವರೂ ಇದ್ದಾರೆ. ಹಿಂದೆ ಮುಂದೆ ಎಳೆದಾಗ ಕೈಗೆ ಗೊತ್ತಾಗುವಷ್ಟು ಬಂದರೆ, ಇಲ್ಲಾ ರೆಕ್ಕೆ ಬಾಡಿಗೆ ತಾಗಿದರೆ, ಆಗ ಹೋಯಿತು ಅನ್ನಬೇಕು.

ನನ್ನ ಕೈಯಲ್ಲಿದ್ದ ಶಾಫ್ಟ್‌ನಲ್ಲಿ ಬುಷ್ ಕೂರುವ ಎರಡೂ ಜಾಗ ನೀಲಿ ತಿರುಗಿದ್ದವು. ಬುಷ್‌ನ ಲೋಹ ಕರಗಿ ಶಾಫ್ಟ್‌ಗೆ ಮೆತ್ತಿಕೊಂಡಿತ್ತು. ಉಕ್ಕಿಗೆ ಆ ನೀಲಿ ಬರಬೇಕಾದರೆ ಸುಮಾರು 300 ಡಿಗ್ರಿ ಕಾವು ಬೇಕು. ಅಂದರೆ ಅಲ್ಲಿ ಆಯಿಲ್ ಇರಲಿಲ್ಲ. ಆಯಿಲ್ ಬಂದು, ಅದರಲ್ಲಿ ಕಸ ಇದ್ದಿದ್ದರೆ ಬಣ್ಣ ತಿರುಗುತ್ತಿರಲಿಲ್ಲ, ಬುಷ್ ಮೇಲೆ ಉಗುರಿಗೆ ಸಿಗುವಂಥ ಗೆರೆ ಬೀಳುತ್ತಿದ್ದವು. ಇಲ್ಲಿ ಗೆರೆ ಇಲ್ಲ, ಬರೀ ಸುಟ್ಟ ಗುರುತು. ಮೊದಲನೆಯದನ್ನೂ ಹೀಗೇ ಬಿಚ್ಚಿದ್ದರೆ ಎರಡನೆಯದು ಉಳಿಯುತ್ತಿತ್ತು.

ಡ್ರೈವರ್ ಒಪ್ಪಲಿಲ್ಲ. "ಪ್ರೆಶರ್ ಗೇಜ್ ಛಲೋ ತೋರಸ್ತೈತ್ರಿ." ಅವನು ಹೇಳಿದ್ದು ನಿಜ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಸರಿ ಇತ್ತು, ಗೇಜೂ ಸರಿ ಇತ್ತು. ಆದರೆ ಆ ಗೇಜ್ ತೋರಿಸುವುದು ಇಂಜಿನ್ ಬ್ಲಾಕ್ ಒಳಗಿನ ಆಯಿಲ್ ಪ್ರೆಶರ್. ಬ್ಲಾಕ್‌ನಿಂದ ಟರ್ಬೋಕ್ಕೆ ಹೋಗುವ ಸಣ್ಣ ಪೈಪಿನ ಆ ತುದಿಯಲ್ಲಿ ಏನಾಗಿದೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ಪೈಪ್ ಬಿಚ್ಚಿ ಏರ್ ಹೊಡೆದೆ. ಆ ಕಡೆಯಿಂದ ಗಾಳಿ ಬುಸ್ ಅಂತ ಬಂತು. ಮೊದಲ ಸಲವೂ ಹೀಗೇ ಗಾಳಿ ಹೊಡೆದು, ಸರಿ ಇದೆ ಅಂತ ಹಾಕಿಬಿಟ್ಟಿದ್ದೆ. ಸೂಜಿ ತೂರುವಷ್ಟು ಕಿಂಡಿ ಉಳಿದಿದ್ದರೂ ಗಾಳಿ ಹೋಗುತ್ತದೆ. ಟರ್ಬೋಕ್ಕೆ ಸಾಲುವಷ್ಟು ಆಯಿಲ್ ಹೋಗಲ್ಲ.

ಹಾಗಾಗಿ ಈ ಸಲ ಆಯಿಲನ್ನೇ ಹರಿಸಿ ನೋಡಿದೆ. ಪೈಪನ್ನು ಬ್ಲಾಕ್‌ಗೆ ಕೂಡಿಸಿ, ಟರ್ಬೋ ಕಡೆಯ ತುದಿಯನ್ನು ನೀರಿನ ಬಾಟಲಿಗೆ ಬಿಟ್ಟೆ. ಹುಡುಗನಿಗೆ ಡೀಸೆಲ್ ಬಂದ್ ಮಾಡುವ ಸ್ಟಾಪ್ ಎಳೆದು ಹಿಡಿ ಅಂದೆ, ಇಂಜಿನ್ ಸ್ಟಾರ್ಟ್ ಆಗಬಾರದಲ್ಲ. ಹತ್ತು ಸೆಕೆಂಡ್ ಸೆಲ್ಫ್ ಹೊಡೆದ. ತೊಟ್ ತೊಟ್ ಅಂತ ಎಂಟು ಹತ್ತು ಹನಿ ಬಿತ್ತು, ಅಷ್ಟೇ. ಪೈಪ್ ತೆಗೆದು ಬ್ಲಾಕ್ ಬಾಯಿಗೇ ಬಾಟಲಿ ಹಿಡಿದು ಇನ್ನೊಮ್ಮೆ ಹೊಡೆಸಿದೆ. ಆಯಿಲ್ ಚಿಮ್ಮಿ ನನ್ನ ಅಂಗಿಯೆಲ್ಲಾ ಆಯಿತು. ಪಂಪಿನದು ತಪ್ಪಿಲ್ಲ, ಪೈಪಿನದೇ.

ಸಾವ್ಕಾರರ ಎದುರಿಗೇ ಹ್ಯಾಕ್ಸಾ ತಗೊಂಡು ಪೈಪನ್ನು ಉದ್ದಕ್ಕೆ ಸೀಳಿದೆ. ಇಂಜಿನ್‌ನ ಬಿಸಿ ಹೊಗೆ ಹೋಗುವ ಮ್ಯಾನಿಫೋಲ್ಡ್ ಪಕ್ಕದಲ್ಲಿ ಹಾದುಹೋಗುವ ಬೆಂಡಿನಲ್ಲಿ ಒಳಗೆಲ್ಲಾ ಕರಿ ಕಾರ್ಬನ್, ಹಂಚಿನ ತಳದ ಮಸಿಯ ಹಾಗೆ ಗಟ್ಟಿಯಾಗಿ ಕಟ್ಟಿತ್ತು. ನಡುವೆ ಕಡ್ಡಿಪೆಟ್ಟಿಗೆಯ ಕಡ್ಡಿ ತೂರದಷ್ಟು ದಾರಿ. ಅವರು ಸುಮ್ಮನೆ ಆ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದರು.

ಅಷ್ಟು ಕಾರ್ಬನ್ ಹೇಗೆ ಕಟ್ಟಿತು? ಡ್ರೈವರ್ ಮಧ್ಯಾಹ್ನ ಊಟಕ್ಕೆ ಇಳಿಯುವುದನ್ನು ನಾನೇ ನೋಡಿದ್ದೆ. ಫುಲ್ ರೇಸ್‌ನಲ್ಲಿ ಕೊಯ್ಯುತ್ತಾ ಬಂದು, ಬದುವಿಗೆ ಬಂದ ಕೂಡಲೇ ಸ್ಟಾಪ್ ಎಳೆದು ಬುತ್ತಿ ಬಿಚ್ಚುತ್ತಾನೆ. ಇಂಜಿನ್ ನಿಂತರೆ ಆಯಿಲ್ ಹರಿಯುವುದೂ ನಿಂತಿತು. ಟರ್ಬೋ ಮತ್ತು ಮ್ಯಾನಿಫೋಲ್ಡ್ ಮಾತ್ರ ಕೆಂಡದ ಹಾಗೆ ಇರುತ್ತವೆ. ಪೈಪಿನಲ್ಲಿ ನಿಂತ ಆಯಿಲ್ ಅಲ್ಲೇ ಬೇಯುತ್ತದೆ. ದಿನಾ ಒಂದು ಪದರ. ಎರಡು ಮೂರು ನಿಮಿಷ ಸ್ಲೋದಲ್ಲಿ ಬಿಟ್ಟು ಆಮೇಲೆ ಬಂದ್ ಮಾಡು ಅಂದರೆ ಡೀಸೆಲ್ ಲೆಕ್ಕ ಹೇಳುತ್ತಾರೆ.

ಕಾರ್ಬನ್ ಕಟ್ಟಿದ ಪೈಪನ್ನು ತಂತಿ ಹಾಕಿ, ಡೀಸೆಲ್‌ನಲ್ಲಿ ನೆನೆಸಿ ತೊಳೆಯುವವರಿದ್ದಾರೆ. ನಾನು ಮಾಡಲ್ಲ. ಒಳಗೆ ಉಳಿದ ಚೂರು ನಾಳೆ ಎದ್ದು ಸೀದಾ ಬುಷ್‌ಗೇ ಹೋಗುತ್ತದೆ. ಹೊಸ ಪೈಪ್ ಹಾಕಿದೆ, ಎರಡೂ ಕಡೆ ಹೊಸ ತಾಮ್ರದ ವಾಷರ್, ಆಯಿಲ್ ಮತ್ತು ಫಿಲ್ಟರ್ ಬದಲು. ಆಯಿಲ್ ಬರುವ ಬಾಯಿಗೆ ಪೇಸ್ಟ್ ಹಚ್ಚಲ್ಲ, ಬರೀ ಗ್ಯಾಸ್ಕೆಟ್. ಕಲಿಯುವಾಗ ಒಂದು ಟ್ರ್ಯಾಕ್ಟರಿಗೆ ಪೇಸ್ಟ್ ಜಾಸ್ತಿ ಹಚ್ಚಿ, ಅದು ಒಳಗೆ ಹಿಂಡಿ ಬಂದು ತೂತು ಮುಚ್ಚಿ, ಗುರುಗಳ ಕೈಲಿ ಬೈಸಿಕೊಂಡಿದ್ದೆ. ಹೊಸ ಟರ್ಬೋದ ಬಾಯಿಗೆ ಶುದ್ಧ ಆಯಿಲ್ ಹುಯ್ದು, ಶಾಫ್ಟನ್ನು ಕೈಯಲ್ಲೇ ತಿರುಗಿಸಿದೆ. ಕೆಳಗಿನ ರಿಟರ್ನ್ ಪೈಪಿನಲ್ಲಿ ಆಯಿಲ್ ಬೀಳುವವರೆಗೂ ಸ್ಟಾಪ್ ಎಳೆದೇ ಸೆಲ್ಫ್ ಹೊಡೆಸಿದೆ. ಆಮೇಲೆ ಸ್ಟಾರ್ಟ್.

ರಿಟರ್ನ್ ಅಂದೆನಲ್ಲ, ಅದು ಕಟ್ಟಿದರೆ ಕಥೆಯೇ ಬೇರೆ. ಆಯಿಲ್ ಬರುತ್ತದೆ, ಆದರೆ ಇಳಿಯಲ್ಲ, ಎರಡೂ ಬದಿಗೆ ಉಕ್ಕುತ್ತದೆ. ನೀಲಿ ಹೊಗೆ, ಹೋಸ್ ತುಂಬಾ ಆಯಿಲ್. ಒಂದು ಮಿಲ್ಲಿನ ಲಾರಿಗೆ ಹೀಗೇ "ಸೀಲ್ ಹೋಗೈತಿ" ಅಂತ ಬೇರೆ ಕಡೆ ಟರ್ಬೋ ಬದಲಿಸಿದ್ದರು, ಹೊಗೆ ನಿಂತಿರಲಿಲ್ಲ. ನಾನು ಆಯಿಲ್ ಹಾಕುವ ಮುಚ್ಚಳ ತೆಗೆದೆ, ಬ್ಯಾಕ್ ಕಂಪ್ರೆಶನ್ ಮುಖಕ್ಕೇ ಹೊಡೆಯಿತು. ಇಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಲ್ಲಿ ಆಯಿಲೂ ಹೊಟ್ಟೂ ಸೇರಿ ಬಿರಡೆ ಹಾಕಿದಂತೆ ಕೂತಿತ್ತು. ಒಳಗೆ ಒತ್ತಡ ಇದ್ದರೆ ಟರ್ಬೋದಿಂದ ಆಯಿಲ್ ಇಂಜಿನ್ ತಳದ ಚೇಂಬರಿಗೆ ಇಳಿಯುವುದಾದರೂ ಹೇಗೆ? ಅದನ್ನು ತೆಗೆದೆ, ಹೊಗೆ ನಿಂತಿತು. ಟರ್ಬೋ ಮುಟ್ಟಲೇ ಇಲ್ಲ.

ಚೈನ್ ಮಷಿನ್‌ನ ಲೆಕ್ಕ ಮಾಡುವಾಗ ಎರಡನೇ ಸಲದ ಕೂಲಿ, ಪೈಪು, ಆಯಿಲ್ ನನ್ನ ತಲೆಗೆ, ಟರ್ಬೋ ದುಡ್ಡು ಸಾವ್ಕಾರರ ತಲೆಗೆ ಅಂತ ಆಯಿತು. ಅವರು ಜಾಸ್ತಿ ವಾದ ಮಾಡಲಿಲ್ಲ. ಸುಗ್ಗಿ ಮುಗಿದ ಮೇಲೆ ಮಷಿನ್ ಸರ್ವಿಸ್‌ಗೆ ಬಂತು. ಹೋಸ್ ಬಿಚ್ಚಿ ಬೆರಳು ಹಾಕಿ ಶಾಫ್ಟ್ ಹಿಂದೆ ಮುಂದೆ ಎಳೆದು ನೋಡಿದೆ, ಅಲ್ಲಾಡಲಿಲ್ಲ. ಡ್ರೈವರ್ ಮಷಿನ್ ಒಳಗೆ ತಂದು ನಿಲ್ಲಿಸಿದವನು ಸ್ಟಾಪ್ ಎಳೆಯದೆ, ಸ್ಲೋದಲ್ಲೇ ಬಿಟ್ಟು, ನನ್ನ ಕಡೆ ನೋಡುತ್ತಾ ಬೀಡಿ ಹಚ್ಚಿದ್ದ.