ಮಿಲಿಟರಿ ಲ್ಯಾಬಿಗೆ ಹೋಗಬೇಕಾ? ಪಿಯುಸಿಯಲ್ಲೇ ದಾರಿ ನೋಡಿಕೊಳ್ಳಿ

ಹೋದ ತಿಂಗಳು ಅಣ್ಣನ ಮಗಳು ಚಿಕ್ಕೋಡಿಯಿಂದ ಬಂದಿದ್ದಳು. ಗೋಕಾಕದ ನನ್ನ ಸಣ್ಣ ಲ್ಯಾಬಿನಲ್ಲಿ ಸ್ಟೂಲ್ ಎಳೆದುಕೊಂಡು ಕುಳಿತು, “ಕಾಕಾ, ಎಮ್ಮೆಸ್ಸಿ ಮೈಕ್ರೋಬಯಾಲಜಿ ಮುಗಿಸಿ ನೇರ ಮಿಲಿಟರಿ ಆಫೀಸರ್ ಆಗ್ತೀನಿ” ಅಂದಳು. ಫೋನಿನಲ್ಲಿ ಯಾವುದೋ ವಿಡಿಯೋ ನೋಡಿದ್ದಳು. ಅದು ಅಮೆರಿಕದ್ದು. ಅಲ್ಲಿನ ಸೈನ್ಯದಲ್ಲಿ ಮೈಕ್ರೋಬಯಾಲಜಿಗೇ, ಅಂದರೆ ಸೂಕ್ಷ್ಮಜೀವಿಗಳ ಕೆಲಸಕ್ಕೇ ಅಂತ ಅಧಿಕಾರಿ ಹುದ್ದೆ ಇದೆ, 71ಎ ಅಂತ ಅದರ ಕೋಡ್. ನಮ್ಮಲ್ಲಿ ಎಮ್ಮೆಸ್ಸಿಗೆ ಆ ಬಾಗಿಲು ಇಲ್ಲ. ಐದು ವರ್ಷ ಓದಿದ ಮೇಲೆ ಇದು ಗೊತ್ತಾದರೆ ಹೊಟ್ಟೆ ಉರಿಯುತ್ತೆ, ಅಲ್ವಾ?

ನಾನು ಸೇನೆಯ ವೈದ್ಯಕೀಯ ದಳದಲ್ಲಿ ಲ್ಯಾಬ್ ಅಸಿಸ್ಟೆಂಟ್ ಆಗಿದ್ದವನು. ಹವಾಲ್ದಾರ್ ಆಗಿ ರಿಟೈರ್ ಆದೆ. ನೋಡಿದ್ದನ್ನು ಹೇಳುತ್ತೇನೆ.

ನಮ್ಮಲ್ಲಿ ಸಮವಸ್ತ್ರ ಹಾಕಿದ ಮೈಕ್ರೋಬಯಾಲಜಿಸ್ಟ್ ಅಂದರೆ ಮೊದಲು ಡಾಕ್ಟರ್. ಎಂಬಿಬಿಎಸ್, ಆಮೇಲೆ ಎಂಡಿ. ಒಳ್ಳೆಯ ದಾರಿ ಪುಣೆಯ ಸೇನಾ ವೈದ್ಯಕೀಯ ಕಾಲೇಜು, ಎಎಫ್‌ಎಂಸಿ. ಬೆಳಗಾವಿಯಿಂದ ರಾತ್ರಿ ಬಸ್ ಹತ್ತಿದರೆ ಬೆಳಗ್ಗೆ ಪುಣೆ. ಹುಡುಗರಿಗೆ 115 ಸೀಟು, ಹುಡುಗಿಯರಿಗೆ 30. ನೀಟ್ ಬರೆದು, ಮೆಡಿಕಲ್ ಸೀಟು ಹಂಚುವ ಎಂಸಿಸಿ ಕೌನ್ಸೆಲಿಂಗ್‌ನಲ್ಲಿ ಎಎಫ್‌ಎಂಸಿ ಬೇಕು ಅಂತ ಹಾಕಬೇಕು. ಇದನ್ನು ಮರೆಯುವವರೇ ಜಾಸ್ತಿ. ಅಂಕ ಇದ್ದವರನ್ನು ಪುಣೆಗೆ ಕರೆಯುತ್ತಾರೆ. ಅಲ್ಲಿ ಇಂಗ್ಲಿಷ್ ಮತ್ತು ತರ್ಕದ ಒಂದು ಪರೀಕ್ಷೆ, ಸಂದರ್ಶನ, ಮೆಡಿಕಲ್. ಓದು ಮುಗಿದ ಮೇಲೆ ಸೇವೆ ಮಾಡಲೇಬೇಕು, ಬಾಂಡ್ ಇರುತ್ತೆ.

ಬೇರೆ ಕಾಲೇಜಿನಲ್ಲಿ ಎಂಬಿಬಿಎಸ್ ಅಥವಾ ಎಂಡಿ ಮಾಡಿದವರಿಗೆ ಶಾರ್ಟ್ ಸರ್ವಿಸ್ ಕಮಿಷನ್ ಇದೆ, ಅಂದರೆ ಕೆಲವು ವರ್ಷಗಳ ಅಧಿಕಾರಿ ಹುದ್ದೆ. ಬೆಳಗಾವಿಯಲ್ಲೋ ವಿಜಯಪುರದಲ್ಲೋ ಓದಿದರೂ ನಡೆಯುತ್ತೆ.

ದನ, ಕುದುರೆ ಇಷ್ಟ ಇದ್ದರೆ ಪಶುವೈದ್ಯ ಪದವಿ ಮಾಡಿ. ಸೇನೆಯ ರಿಮೌಂಟ್ ವೆಟರ್ನರಿ ದಳಕ್ಕೆ ಅಧಿಕಾರಿಯಾಗಿ ಹೋಗಬಹುದು. ಹೇಸರಗತ್ತೆ, ನಾಯಿಗಳ ರೋಗ ಹುಡುಕುವುದೂ ಸೂಕ್ಷ್ಮಜೀವಿಗಳ ಕೆಲಸವೇ. ಸಿಇಟಿ ಬರೆಯುವ ನಮ್ಮ ಹುಡುಗರಿಗೆ ಈ ದಾರಿ ಯಾರೂ ಹೇಳುವುದಿಲ್ಲ.

ಎಮ್ಮೆಸ್ಸಿಯೇ ಬೇಕು ಅನ್ನುವವರು ರಕ್ಷಣಾ ಸಂಶೋಧನೆಯ ಸಂಸ್ಥೆ ಡಿಆರ್‌ಡಿಒ ಕಡೆ ನೋಡಿ. ಗ್ವಾಲಿಯರ್‌ನ ಡಿಆರ್‌ಡಿಇಯಲ್ಲಿ ಜೈವಿಕ, ರಾಸಾಯನಿಕ ಅಸ್ತ್ರಗಳಿಂದ ರಕ್ಷಣೆ ಹೇಗೆ ಅಂತ ಸಂಶೋಧನೆ ನಡೆಯುತ್ತೆ. ಮೈಸೂರಿನ ಡಿಎಫ್‌ಆರ್‌ಎಲ್ 1961ರಿಂದ ಸೈನಿಕರ ಊಟ ಕೆಡದಂತೆ ನೋಡಿಕೊಳ್ಳುವ ಲ್ಯಾಬ್. ನೆಟ್ ಅಥವಾ ಗೇಟ್ ಪಾಸಾಗಿ ಜೆಆರ್‌ಎಫ್ (ಕಿರಿಯ ಸಂಶೋಧಕ) ಆಗಿ ಸೇರುವುದು ಸಾಮಾನ್ಯ. ಆದರೆ ಸಮವಸ್ತ್ರ ಇಲ್ಲ, ಜೆಆರ್‌ಎಫ್ ಕಾಯಂ ನೌಕರಿಯೂ ಅಲ್ಲ.

ನಾನು ಹೋಗಿದ್ದು ಕೆಳಗಿನ ಬಾಗಿಲಿನಿಂದ. ಪಿಯುಸಿ ಸೈನ್ಸ್ ಮುಗಿಸಿ ಬೆಳಗಾವಿ ಕ್ಯಾಂಪಿನಲ್ಲಿ ಭರ್ತಿಗೆ ಓಡಿದೆ, ನರ್ಸಿಂಗ್ ಅಸಿಸ್ಟೆಂಟ್ ಪಟ್ಟಿಗೆ. ಲಖನೌದಲ್ಲಿ ತರಬೇತಿ. ಈ ಭರ್ತಿ ಹುಡುಗರಿಗೆ ಮಾತ್ರ. ಆಫೀಸರ್ ಆಗುವ ಆಸೆ ಇದ್ದವರು ಈ ದಾರಿಗೆ ಅವಸರ ಮಾಡಬೇಡಿ.

ಕೆಲಸ ಹೇಗಿರುತ್ತೆ? ವಿಡಿಯೋದಲ್ಲಿ ತೋರಿಸುವ ಬಿಳಿ ಸೂಟು, ಮುಖವಾಡ ನಾನು ಕಂಡಿದ್ದು ಅಪರೂಪ. ಕಫ, ರಕ್ತ, ಮಲೇರಿಯಾ ಸ್ಲೈಡು, ಎಲ್ಲಕ್ಕಿಂತ ಜಾಸ್ತಿ ನೀರು. ಬೆಟಾಲಿಯನ್ ಹೊಸ ಜಾಗದಲ್ಲಿ ಡೇರೆ ಹಾಕಿದರೆ ಮೊದಲು ಹೊರಬರುವುದು ಹಾರಕ್ಸ್ ಪೆಟ್ಟಿಗೆ, ನೀರು ಶುದ್ಧ ಮಾಡಲು ಎಷ್ಟು ಬ್ಲೀಚಿಂಗ್ ಪೌಡರ್ ಬೇಕು ಅಂತ ನೋಡುವುದಕ್ಕೆ. ಬ್ರಿಟಿಷ್ ಸೈನ್ಯದ ಡಾಕ್ಟರ್ ವಿಲಿಯಂ ಹಾರಕ್ಸ್ ಮಾಡಿದ್ದು. ಅದರಲ್ಲಿ 200 ಮಿಲಿ ಹಿಡಿಯುವ ಆರು ಬಿಳಿ ಬಟ್ಟಲು, ಒಂದು ಕಪ್ಪು ಬಟ್ಟಲು, 2 ಗ್ರಾಂ ಚಮಚ. ಕಪ್ಪು ಬಟ್ಟಲಿನಲ್ಲಿ ಒಂದು ಚಮಚ ಬ್ಲೀಚಿಂಗ್ ಪೌಡರ್ ಕಲಸಿ, ಗುರುತಿನವರೆಗೆ ನೀರು ತುಂಬಬೇಕು. ಬಿಳಿ ಬಟ್ಟಲುಗಳಿಗೆ ಪರೀಕ್ಷೆಯ ನೀರು. ಮೊದಲನೆಯದಕ್ಕೆ ಆ ದ್ರಾವಣ ಒಂದು ಹನಿ, ಎರಡನೆಯದಕ್ಕೆ ಎರಡು, ಹೀಗೆ ಆರರವರೆಗೆ. ಕಲಕಿ ಅರ್ಧ ಗಂಟೆ ಬಿಡಬೇಕು. ಆಮೇಲೆ ಸ್ಟಾರ್ಚ್-ಅಯೋಡೈಡ್ ಮೂರು ಹನಿ, ಪೌಡರಿನ ಕ್ಲೋರಿನ್ ಉಳಿದಿದ್ದರೆ ನೀರು ನೀಲಿಯಾಗುತ್ತೆ. ಮೊದಲು ನೀಲಿಯಾಗಿದ್ದು ಮೂರನೇ ಬಟ್ಟಲಾದರೆ, 455 ಲೀಟರ್ ನೀರಿಗೆ ಮೂರು ಚಮಚ, ಅಂದರೆ 6 ಗ್ರಾಂ ಪೌಡರ್.

ಒಮ್ಮೆ ಚಳಿಗೆ ಅವಸರ ಮಾಡಿ ಹತ್ತೇ ನಿಮಿಷಕ್ಕೆ ಹನಿ ಹಾಕಿದೆ. ಎರಡನೇ ಬಟ್ಟಲೇ ನೀಲಿ. ಕ್ಲೋರಿನ್ ಇನ್ನೂ ಕೊಳೆಯ ಜೊತೆ ಗುದ್ದಾಡಿ ಮುಗಿಸಿರಲಿಲ್ಲ, ನಾನು ಗೆದ್ದಿತು ಅಂದುಕೊಂಡೆ. ಸುಬೇದಾರ್ ಸಾಹೇಬರು ಎಲ್ಲಾ ಚೆಲ್ಲಿಸಿ, ಮತ್ತೆ ಮಾಡಿಸಿದರು. ಈ ಸಲ ನಾಲ್ಕನೆಯದು!

ಈಗಲೇ ಮಾಡಬೇಕಾದ ಕೆಲಸ ಒಂದಿದೆ, ಖರ್ಚೂ ಕಡಿಮೆ. ಕಣ್ಣಿನ ಡಾಕ್ಟರ ಹತ್ತಿರ ಬಣ್ಣ ಗುರುತಿಸುವ ಪರೀಕ್ಷೆ ಮಾಡಿಸಿ. ಸೇನೆಯ ಮೆಡಿಕಲ್‌ನಲ್ಲಿ ಅದನ್ನು ನೋಡುತ್ತಾರೆ. ಬ್ಯಾಕ್ಟೀರಿಯಾಕ್ಕೆ ಬಣ್ಣ ಹಾಕಿ ಗುರುತಿಸುವ ಗ್ರಾಂ ಸ್ಟೇನ್‌ನಲ್ಲಿ ನೇರಳೆ ಯಾವುದು, ಗುಲಾಬಿ ಯಾವುದು ಅಂತ ಹೇಳಲೂ ಅದೇ ಕಣ್ಣು ಬೇಕು.

ಹುಡುಗಿ ಅವತ್ತು ಸಂಜೆ ಚಿಕ್ಕೋಡಿಗೆ ಹೋಗಲಿಲ್ಲ. ನನ್ನ ಹಳೆಯ ಮೈಕ್ರೋಸ್ಕೋಪಿನಲ್ಲಿ ಸ್ಲೈಡು ನೋಡುತ್ತಾ ಕುಳಿತಳು. ಮರುದಿನ ಬೆಳಗ್ಗೆ ಅಣ್ಣನಿಗೆ ಫೋನ್ ಮಾಡಿ, ನೀಟ್ ಕೋಚಿಂಗ್ ಫೀ ಎಷ್ಟಾಗುತ್ತೆ ಅಂತ ಕೇಳುತ್ತಿದ್ದಳು.