ಗಂಟಲಿನ ಗೊನೊರಿಯಾ: ಇಂಜೆಕ್ಷನ್ ಒಂದು, ಟೆಸ್ಟ್ ಎರಡು

ಗಂಟಲು ಕೆರೆದರೆ ಉಪ್ಪುನೀರು ಮುಕ್ಕಳಿಸುತ್ತೇವೆ. ಜಾಸ್ತಿಯಾದರೆ ಮೆಡಿಕಲ್ ಶಾಪಿನಲ್ಲಿ ನಾಲ್ಕು ಮಾತ್ರೆ ಕೊಂಡು ನುಂಗುತ್ತೇವೆ. ಗಂಟಲಿನ ಗೊನೊರಿಯಾಕ್ಕೆ ಇವೆರಡೂ ಸಾಲವು. ಬಾಯಿಯ ಮೂಲಕ ನಡೆಯುವ ಲೈಂಗಿಕ ಸಂಪರ್ಕದಿಂದ ಬರುವ ಸೋಂಕು ಇದು. ಹೆಚ್ಚಿನವರಿಗೆ ಗಂಟಲು ಕೆರೆಯುವುದೂ ಇಲ್ಲ!

ಮೊದಲ ಕೆಲಸ, ಡಾಕ್ಟರ ಮುಂದೆ ವಿಷಯವನ್ನು ಬಾಯಿಬಿಟ್ಟು ಹೇಳುವುದು. ಮುಜುಗರ ಸಹಜ. ಆದರೆ ಹೇಳದಿದ್ದರೆ ಬರೀ ಮೂತ್ರ ಪರೀಕ್ಷೆ ಬರೆದಾರು, ಅದರಲ್ಲಿ ಗಂಟಲಿನ ಸೋಂಕು ಕಾಣುವುದಿಲ್ಲ. ಗಂಟಲಿನ ಸ್ವಾಬ್ ಬೇಕು. ಕೊರೊನಾ ಕಾಲದ ಹತ್ತಿಕಡ್ಡಿ ನೆನಪಿದೆಯಲ್ವಾ? ಹಾಗೆಯೇ. ಕ್ಷಣಮಾತ್ರ ಓಕರಿಕೆ, ಅಷ್ಟೇ. ಎಲ್ಲಿಗೆ ಹೋಗುವುದೆಂದು ತಿಳಿಯದಿದ್ದರೆ ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಉಚಿತ.

ಮದ್ದು ಸೆಫ್ಟ್ರಿಯಾಕ್ಸೋನ್. ಸೊಂಟದ ಕೆಳಗಿನ ಸ್ನಾಯುವಿಗೆ ಒಂದೇ ಇಂಜೆಕ್ಷನ್. ಅಮೆರಿಕದಲ್ಲಿ 500 ಮಿಲಿಗ್ರಾಂ, ಬ್ರಿಟನ್ನಿನಲ್ಲಿ 1 ಗ್ರಾಂ ಕೊಡುತ್ತಾರೆ. ನೋಯುತ್ತದೆ. ಅದಕ್ಕೇ ಮರಗಟ್ಟಿಸುವ ಲಿಡೋಕೇನ್ ಬೆರೆಸಿ ಚುಚ್ಚುವುದುಂಟು. ಪೆನಿಸಿಲಿನ್ ಗುಂಪಿನ ಔಷಧಿ ಹಿಂದೆಂದಾದರೂ ಒಗ್ಗದಿದ್ದರೆ ಚುಚ್ಚುವ ಮುಂಚೆಯೇ ಹೇಳಿ. ಜೊತೆಗೆ ಕ್ಲಮಿಡಿಯಾ (ಲೈಂಗಿಕ ಸಂಪರ್ಕದಿಂದಲೇ ಬರುವ ಇನ್ನೊಂದು ಸೋಂಕು) ಇಲ್ಲವೆಂದು ಖಾತ್ರಿಯಾಗದಿದ್ದರೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ದಿನಕ್ಕೆರಡು, ಏಳು ದಿನ. ತುಂಬು ಲೋಟ ನೀರಿನ ಜೊತೆ ನುಂಗಿ, ತಕ್ಷಣ ಮಲಗಬೇಡಿ, ಎದೆ ಉರಿಯುತ್ತದೆ. ಗರ್ಭಿಣಿಯರಿಗೆ ಡಾಕ್ಸಿಸೈಕ್ಲಿನ್ ಬೇಡ.

ಸೆಫಿಕ್ಸಿಮ್ ಮಾತ್ರೆ ಸಾಲದೇ? ಜನನಾಂಗದ ಸೋಂಕಿಗೆ ಅದು ಆಗಬಹುದು. ಗಂಟಲಿಗೆ ನಂಬುವಂತಿಲ್ಲ, ಔಷಧಿ ಅಲ್ಲಿಗೆ ಸಾಕಷ್ಟು ತಲುಪುವುದಿಲ್ಲ. ಇನ್ನೊಂದು ತೊಡಕೂ ಇದೆ. ನಮ್ಮ ಗಂಟಲಿನಲ್ಲಿ ಈ ರೋಗಾಣುವಿನ ನೆಂಟರು, ಅಂದರೆ ಅದೇ ಜಾತಿಯ ನಿರುಪದ್ರವಿ ಬ್ಯಾಕ್ಟೀರಿಯಾಗಳು, ಮೊದಲೇ ಮನೆ ಮಾಡಿರುತ್ತವೆ. ಔಷಧಿಗೆ ಬಗ್ಗದಿರುವ ಗುಣವನ್ನು ಅವು ಇದಕ್ಕೂ ದಾಟಿಸುತ್ತವೆ.

ಇಂಜೆಕ್ಷನ್ ಆದ ಮೇಲೆ ಏಳು ದಿನ ಸಂಪರ್ಕ ಬೇಡ. ಹಿಂದಿನ ಎರಡು ತಿಂಗಳಲ್ಲಿ ಜೊತೆಗಿದ್ದವರಿಗೂ ತಿಳಿಸಿ, ಅವರಿಗೂ ಪರೀಕ್ಷೆ, ಚಿಕಿತ್ಸೆ ಆಗಬೇಕು. ಇಲ್ಲವೆಂದರೆ ಸೋಂಕು ತಿರುಗಿ ನಿಮ್ಮ ಹತ್ತಿರವೇ ಬರುತ್ತದೆ.

ಜನ ತಪ್ಪಿಸಿಕೊಳ್ಳುವುದು ಕೊನೆಯ ಹೆಜ್ಜೆಯಲ್ಲಿ. ಇಂಜೆಕ್ಷನ್ ಆದ 7ರಿಂದ 14 ದಿನದೊಳಗೆ ಗಂಟಲಿನ ಸ್ವಾಬ್ ಮತ್ತೊಮ್ಮೆ ಆಗಬೇಕು. 2018ರಲ್ಲಿ ಬ್ರಿಟನ್ನಿನ ಒಬ್ಬ ರೋಗಿಗೆ ಇಂಜೆಕ್ಷನ್ ಆದ ಮೇಲೂ ಗಂಟಲಲ್ಲಿ ಸೋಂಕು ಉಳಿದಿತ್ತು. ಗೊತ್ತಾದದ್ದು ಈ ಮರುಪರೀಕ್ಷೆಯಿಂದಲೇ. ಕೊನೆಗೆ ಎರ್ಟಾಪೆನೆಮ್ ಎಂಬ ಔಷಧಿಯನ್ನು ರಕ್ತನಾಳಕ್ಕೆ ಕೊಟ್ಟು ವಾಸಿಮಾಡಿದರು. ಇಂಜೆಕ್ಷನ್ ಮಾಡಿಸಿಕೊಂಡ ದಿನವೇ ಮುಂದಿನ ತಾರೀಖನ್ನು ಚೀಟಿಯ ಮೇಲೆ ಬರೆಸಿಕೊಂಡು ಬನ್ನಿ.